‘7 ದಿನದ ಕಷಾಯದಿಂದ ಲಿವರ್ ಹೊಸದಾಗುತ್ತದೆ’: ಈ ಸಂದೇಶದಲ್ಲಿ ಎಷ್ಟು ಸತ್ಯ, ಎಷ್ಟು ಸುಳ್ಳು?

‘ಲಿವರ್ ತನ್ನಷ್ಟಕ್ಕೆ ತಾನೇ ಬೆಳೆಯುವ ಅಂಗ. ಈ ಕಷಾಯ 7 ದಿನ ಕುಡಿದರೆ ಕೆಟ್ಟ ಲಿವರ್ ಹೊಸದಾಗುತ್ತದೆ, ಮಾತ್ರೆ ಬೇಕಿಲ್ಲ’ ಎಂಬಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಮನೆಯಲ್ಲಿ ಲಿವರ್ ರೋಗಿ ಇದ್ದರೆ ಇಂಥದ್ದನ್ನು ನಂಬಬೇಕು ಎನ್ನಿಸುವುದು ಸಹಜ. ಆದ್ದರಿಂದ ಇದನ್ನು ಬಿಡಿಸಿ ನೋಡೋಣ.

ಅರ್ಧ ಸತ್ಯ ಎಲ್ಲಿದೆ?

ಲಿವರ್ ಬೆಳೆಯುತ್ತದೆ ಎಂಬುದು ನಿಜ. ಆರೋಗ್ಯವಂತರು ಲಿವರ್‌ನ ಒಂದು ಭಾಗ ದಾನ ಮಾಡಿದರೆ, ಉಳಿದದ್ದು ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಆದರೆ ವರ್ಷಗಟ್ಟಲೆ ಪೆಟ್ಟು ತಿಂದ ಲಿವರ್‌ನ ಕಥೆ ಬೇರೆ. ಗಾಯ ಮಾಗಿದ ಜಾಗದಲ್ಲಿ ಕಲೆ ಉಳಿಯುವಂತೆ ಅದರೊಳಗೆ ಗಟ್ಟಿ ನಾರು ಕಟ್ಟುತ್ತಾ ಹೋಗುತ್ತದೆ. ಇದು ಮಿತಿಮೀರಿದ ಹಂತವೇ ಸಿರೋಸಿಸ್. ಯಾವ ಕಷಾಯವೂ ಈ ನಾರನ್ನು 7 ದಿನದಲ್ಲಿ ಕರಗಿಸುವುದಿಲ್ಲ.

ಮೂಲ ಕಾರಣಕ್ಕೆ ಬೇಗ ಚಿಕಿತ್ಸೆ ಸಿಕ್ಕರೆ ಹಾನಿ ನಿಲ್ಲಬಹುದು, ಸ್ವಲ್ಪ ಹಿಂದಕ್ಕೂ ಸರಿಯಬಹುದು. ಆ ಕಾರಣ ಮದ್ಯವೇ ಆಗಿರಬೇಕಿಲ್ಲ. ಹೆಪಟೈಟಿಸ್ ಬಿ, ಸಿ ವೈರಸ್, ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಜೊತೆ ಬರುವ ಫ್ಯಾಟಿ ಲಿವರ್ ಕೂಡ ಕಾರಣಗಳೇ. ‘ಕುಡಿದಿರಬೇಕು, ಅದಕ್ಕೇ ಹೀಗಾಗಿದೆ’ ಎಂಬ ಮಾತು ಎಷ್ಟೋ ರೋಗಿಗಳಿಗೆ ಅನ್ಯಾಯ ಮಾಡುತ್ತದೆ.

ಗಿಡಮೂಲಿಕೆಯಿಂದ ತೊಂದರೆ ಏನು?

ನಾವು ನುಂಗಿದ ಬಹುತೇಕ ಔಷಧಿಗಳನ್ನು ಸಂಸ್ಕರಿಸುವ ಅಂಗ ಲಿವರ್. ಸೋತ ಲಿವರ್‌ಗೆ ಗೊತ್ತಿಲ್ಲದ ಬೇರು, ಎಲೆಗಳೂ ಹೊರೆಯೇ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್‌ಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಈ ವಾದ ಏನೇ ಇರಲಿ, ಸಿರೋಸಿಸ್ ಇದ್ದವರು ವೈದ್ಯರಿಗೆ ಹೇಳದೆ ಕಷಾಯ, ಪುಡಿ, ಭಸ್ಮ ತೆಗೆದುಕೊಳ್ಳಬಾರದು. ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆಗಳೂ ಇವರಿಗೆ ಅಪಾಯ. ಕಿಡ್ನಿಗೆ ಪೆಟ್ಟಾಗಬಹುದು, ರಕ್ತಸ್ರಾವ ಆಗಬಹುದು.

ಮನೆಯವರು ಏನು ಮಾಡಬಹುದು?

• ಪಥ್ಯ ಎಂದು ಬರೀ ಗಂಜಿ ಕೊಡಬೇಡಿ. ಸಿರೋಸಿಸ್‌ನಲ್ಲಿ ಮಾಂಸಖಂಡ ಬೇಗ ಕರಗುತ್ತದೆ. ವೈದ್ಯರು ಬೇಡ ಎನ್ನದಿದ್ದರೆ ಬೇಳೆ, ಕಾಳು, ಮೊಸರು, ಮೊಟ್ಟೆ ಬೇಕೇ ಬೇಕು.

• ಉಪವಾಸ ಬೇಡ. ಇವರ ದೇಹಕ್ಕೆ ಒಂದು ರಾತ್ರಿಯ ಹಸಿವೆಂದರೆ ಆರೋಗ್ಯವಂತರು ಎರಡು-ಮೂರು ದಿನ ಉಪವಾಸ ಇದ್ದ ಹಾಗೆ. ಏಕಾದಶಿ, ಶನಿವಾರದ ಒಪ್ಪತ್ತು ಬಿಡಿಸಿ. ಮಲಗುವ ಮುಂಚೆ ಏನಾದರೂ ಸ್ವಲ್ಪ ತಿನ್ನಿಸಿ.

• ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪು ಕಡಿಮೆ ಮಾಡಿ. ಸಾಮಾನ್ಯ ಮಿತಿ ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಎಲ್ಲಾ ಅಡುಗೆಗೂ ಸೇರಿ ಒಂದು ಟೀ ಚಮಚ. ಹಪ್ಪಳ, ಉಪ್ಪಿನಕಾಯಿ, ಬಾಳಕ ದೂರವಿಡಿ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕೇಳದೆ ಬಳಸಬೇಡಿ.

• ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ಲಿವರ್ ಸೋತಾಗ ಕರುಳಿನಲ್ಲಿ ಹುಟ್ಟುವ ಅಮೋನಿಯದಂಥ ವಿಷ ಮಿದುಳಿಗೆ ಮುಟ್ಟುತ್ತದೆ. ವೈದ್ಯರು ಲ್ಯಾಕ್ಟುಲೋಸ್ ಸಿರಪ್ ಕೊಡುವುದು ದಿನಕ್ಕೆ 2-3 ಬಾರಿ ಮೆತ್ತಗೆ ಮಲ ಹೋಗಲಿ ಎಂದು. ‘ಭೇದಿ ಆಗುತ್ತಿದೆ’ ಎಂದು ನೀವಾಗಿಯೇ ನಿಲ್ಲಿಸಬೇಡಿ. ಹೆಚ್ಚಾಯಿತು ಎನಿಸಿದರೆ ವೈದ್ಯರನ್ನು ಕೇಳಿ.

• ಹೆಪಟೈಟಿಸ್ ಬಿ ಎಂದು ತಟ್ಟೆ ಬೇರೆ ಇಡಬೇಡಿ. ಜೊತೆಯಲ್ಲಿ ಉಂಡರೆ, ಅಪ್ಪಿಕೊಂಡರೆ ಅದು ಅಂಟುವುದಿಲ್ಲ. ರೇಜರ್, ಟೂತ್‌ಬ್ರಷ್, ನೇಲ್ ಕಟರ್ ಮಾತ್ರ ಬೇರೆ ಇರಲಿ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡು, ಬೇಕಾದವರು ಲಸಿಕೆ ಹಾಕಿಸಿಕೊಳ್ಳಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಪರೀಕ್ಷೆ, ಚಿಕಿತ್ಸೆ ಉಚಿತ. ಹೆಪಟೈಟಿಸ್ ಸಿ ಬಹುತೇಕರಲ್ಲಿ 12 ವಾರಗಳ ಮಾತ್ರೆಯಿಂದಲೇ ಗುಣವಾಗುತ್ತದೆ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಜ್ವರದ ಜೊತೆ ಹೊಟ್ಟೆನೋವು, ಮೂತ್ರ ತೀರಾ ಕಡಿಮೆಯಾಗುವುದು. ಇವು ಎಲ್ಲರ ಕಣ್ಣಿಗೂ ಬೀಳುತ್ತವೆ. ಬೀಳದ ಲಕ್ಷಣವೊಂದಿದೆ: ಹಗಲಿಡೀ ನಿದ್ದೆ, ರಾತ್ರಿಯಿಡೀ ಎಚ್ಚರ, ಸುಮ್ಮನೆ ಸಿಟ್ಟು, ಮಾತು ತೊದಲುವುದು, ದಿನ-ವಾರ ಮರೆಯುವುದು, ಚಾಚಿದ ಕೈ ಪಟಪಟ ಅಲುಗುವುದು. ಇದನ್ನು ‘ವಯಸ್ಸಾಯಿತು’ ಎಂದೋ ‘ಮತ್ತೆ ಕುಡಿದು ಬಂದಿದ್ದಾರೆ’ ಎಂದೋ ತಳ್ಳಿಹಾಕಬೇಡಿ. ಅದು ಮಿದುಳಿಗೆ ವಿಷ ಏರುತ್ತಿರುವ ಸೂಚನೆ ಇರಬಹುದು. ರೋಗಿಗೆ ಇದು ತಾನಾಗಿ ತಿಳಿಯುವುದಿಲ್ಲ, ಮೊದಲು ಗುರುತಿಸಬೇಕಾದವರು ಮನೆಯವರೇ. ಬೇಗ ಕರೆದೊಯ್ದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ನಮ್ಮ ತೀರ್ಮಾನ: ಲಿವರ್ ಬೆಳೆಯುತ್ತದೆ ಎಂಬುದು ನಿಜ; 7 ದಿನದ ಕಷಾಯದಿಂದ ಕೆಟ್ಟ ಲಿವರ್ ಹೊಸದಾಗುತ್ತದೆ ಎಂಬುದು ಸುಳ್ಳು. ‘ಮಾತ್ರೆ ಬೇಕಿಲ್ಲ’ ಎಂಬ ಸಾಲು ಜೀವಕ್ಕೇ ಅಪಾಯ. ಆ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸುವುದೇ ಆದರೆ ಮೇಲಿನ ಅಪಾಯದ ಲಕ್ಷಣಗಳನ್ನು ಕಳಿಸಿ.