ಬಾಣದ ಗರಿ

ಬಾಣದ ಗರಿ ಎಂದರೆ ಬಾಣದ ಹಿಂಭಾಗದಲ್ಲಿ, ಹೆದೆಗೆ ಸಿಕ್ಕಿಸುವ ಕಚ್ಚಿಗೆ ತುಸು ಮುಂದೆ, ಕೋಲಿನ ಸುತ್ತ ಅಂಟಿಸುವ ಅಥವಾ ದಾರದಿಂದ ಬಿಗಿಯುವ ಹಕ್ಕಿಗರಿಯ ಪಟ್ಟಿ. ಬಿಟ್ಟ ಬಾಣವು ಅಡ್ಡ ತಿರುಗದೆ, ಅಲಗು ಮುಂದಾಗಿಯೇ ಗುರಿಯತ್ತ ಸಾಗುವಂತೆ ಮಾಡುವುದು ಇದರ ಕೆಲಸ. ಆಧುನಿಕ ಸ್ಪರ್ಧಾ ಬಿಲ್ಲುಗಳಲ್ಲಿ ಪ್ಲಾಸ್ಟಿಕ್ ರೆಕ್ಕೆಗಳು ಗರಿಯ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆಯಾದರೂ ಬಿದಿರು ಅಥವಾ ಮರದ ಸಾಂಪ್ರದಾಯಿಕ ಬಿಲ್ಲಿಗೆ ಇಂದಿಗೂ ನೈಸರ್ಗಿಕ ಗರಿಯೇ ಸೂಕ್ತವೆನಿಸಿದೆ. ಬೇಡ ನಾಯಕರ ಆಳ್ವಿಕೆ ಕಂಡ ಚಿತ್ರದುರ್ಗ ಪ್ರದೇಶದಲ್ಲಿ ಗರಿಯ ಆಯ್ಕೆಯು ಇಂದು ಗಾಳಿ ಮತ್ತು ವನ್ಯಜೀವಿ ಕಾನೂನು ಎರಡನ್ನೂ ಅವಲಂಬಿಸಿದೆ.

ಹೆಸರು ಮತ್ತು ಗ್ರಂಥೋಲ್ಲೇಖ

ಕನ್ನಡದಲ್ಲಿ ‘ಗರಿ’ ಎಂಬ ಒಂದೇ ಪದ ಹಕ್ಕಿಯ ಪುಕ್ಕಕ್ಕೂ ಬಾಣದ ಪುಕ್ಕಕ್ಕೂ ಸಲ್ಲುತ್ತದೆ. ಬಾಣದ ಹಿಂತುದಿಗೆ ‘ಹಿಳುಕು’ ಎಂಬ ಹಳೆಯ ಪದವಿದೆ. ಸಂಸ್ಕೃತದಲ್ಲಿ ಬಾಣಕ್ಕೆ ‘ಪತ್ರಿ’, ‘ಖಗ’ ಎಂಬ ಹೆಸರುಗಳಿದ್ದು, ಎರಡೂ ಹಕ್ಕಿಗೂ ಅನ್ವಯಿಸುತ್ತವೆ. ‘ಕಂಕಪತ್ರ’ ಎಂಬುದು ಬಕಜಾತಿಯ ಹಕ್ಕಿಯ ಗರಿ ಕಟ್ಟಿದ ಬಾಣ.

ವಸಿಷ್ಠನ ಹೆಸರಿನಲ್ಲಿ ಪ್ರಚಲಿತವಿರುವ ಧನುರ್ವೇದ ಗ್ರಂಥವು ಗರಿಗೆ ಯೋಗ್ಯವಾದ ಹಕ್ಕಿಗಳನ್ನು ಹೆಸರಿಸುತ್ತದೆ. ಕಾಗೆ, ಹಂಸ, ಡೇಗೆ, ಕ್ರೌಂಚ, ನವಿಲು, ಹದ್ದು ಮೊದಲಾದವು ಆ ಪಟ್ಟಿಯಲ್ಲಿವೆ. ಪ್ರತಿ ಬಾಣಕ್ಕೆ ನಾಲ್ಕು ಗರಿ, ಒಂದೊಂದರ ಉದ್ದ ಆರು ಅಂಗುಲ, ಕೊಂಬಿನ ಬಿಲ್ಲಿನ ಬಾಣಕ್ಕಾದರೆ ಹತ್ತು ಅಂಗುಲ ಎಂಬುದು ಅದರ ವಿಧಿ. ಗರಿಯನ್ನು ಸ್ನಾಯುವಿನ ಎಳೆಯಿಂದ ಬಿಗಿಯಬೇಕೆಂದೂ ಹೇಳಿದೆ. ಅಂಗುಲವೆಂದರೆ ಬೆರಳಿನ ಅಗಲ, ಸುಮಾರು 1.9 ಸೆಂ.ಮೀ. ಹಾಗೆ ಲೆಕ್ಕ ಹಾಕಿದರೆ ಆರು ಅಂಗುಲ 11 ಸೆಂ.ಮೀ.ಗೆ ಹತ್ತಿರವಾಗುತ್ತದೆ. ಇಂದಿನ ಸಾಂಪ್ರದಾಯಿಕ ಬಿಲ್ಲುಗಾರರು ಸಾಮಾನ್ಯವಾಗಿ ಬಳಸುವ 4ರಿಂದ 5 ಇಂಚಿನ ಗರಿಯ ಅಳತೆಯೂ ಇದೇ ಆಗಿರುವುದು ಗಮನಾರ್ಹ.

ಕಾರ್ಯವಿಧಾನ

ಅಲಗಿನ ಭಾರದಿಂದಾಗಿ ಬಾಣದ ತೂಕದ ಕೇಂದ್ರವು ಕೋಲಿನ ನಡುವಿಗಿಂತ ಮುಂದಿರುತ್ತದೆ. ಗಾಳಿಯ ತಡೆಯನ್ನು ಗರಿಯು ಹಿಂತುದಿಯಲ್ಲಿ ಕೇಂದ್ರೀಕರಿಸುತ್ತದೆ. ಬಾಣದ ಬಾಲ ಪಕ್ಕಕ್ಕೆ ಸರಿದ ಕೂಡಲೇ ಗಾಳಿಯು ಗರಿಯನ್ನು ಒತ್ತಿ ಅದನ್ನು ಮತ್ತೆ ಸಾಲಿಗೆ ತರುತ್ತದೆ.

ಸಾಂಪ್ರದಾಯಿಕ ಬಿಲ್ಲಿನಲ್ಲಿ ಇನ್ನೊಂದು ತೊಡಕಿದೆ. ಬಾಣವು ಬಿಲ್ಲಿನ ಹಿಡಿಯ ಪಕ್ಕದಲ್ಲಿ, ಎಷ್ಟೋ ವೇಳೆ ಬಿಲ್ಲುಗಾರನ ಮುಷ್ಟಿಯ ಮೇಲೆಯೇ ಕೂತಿರುತ್ತದೆ. ಹೆದೆ ಬಿಟ್ಟಾಗ ಕೋಲು ಬಳುಕಿ, ಹಿಡಿಯನ್ನು ಬಳಸಿಕೊಂಡು ಹೊರಬೀಳುತ್ತದೆ. ಆ ಕ್ಷಣದಲ್ಲಿ ಹಿಂಭಾಗವು ಹಿಡಿಗೆ ಅಥವಾ ಕೈಗೆ ತಾಗಿದರೆ ಹಕ್ಕಿಗರಿ ಮಡಚಿಕೊಂಡು ದಾಟಿ, ಮರುಕ್ಷಣ ಎದ್ದು ನಿಲ್ಲುತ್ತದೆ. ಬಿರುಸಾದ ಪ್ಲಾಸ್ಟಿಕ್ ರೆಕ್ಕೆ ಹೀಗೆ ಮಣಿಯದೆ ಬಾಣವನ್ನು ಪಕ್ಕಕ್ಕೆ ತಳ್ಳುತ್ತದೆ. ಗರಿಯನ್ನು ಉಳಿಸಿಕೊಂಡಿರುವುದಕ್ಕೆ ಪರಂಪರೆಯ ಅಭಿಮಾನಕ್ಕಿಂತ ಈ ಮಣಿಯುವ ಗುಣವೇ ಮುಖ್ಯ ಕಾರಣ. ಅದು ಹಗುರವೂ ಹೌದು. ಮೂರು ಗರಿಗಳ ಒಟ್ಟು ತೂಕ ಒಂದು ಗ್ರಾಮನ್ನು ಮುಟ್ಟುವುದಿಲ್ಲ. ವಿಶ್ವ ಬಿಲ್ಲುಗಾರಿಕೆ ಒಕ್ಕೂಟದ ನಿಯಮದಂತೆ ಉದ್ದಬಿಲ್ಲಿನ ವಿಭಾಗದಲ್ಲಿ ಮರದ ಬಾಣ ಹಾಗೂ ನೈಸರ್ಗಿಕ ಗರಿಯನ್ನೇ ಬಳಸಬೇಕು.

ಗರಿಯ ಆಯ್ಕೆ

ಬಾಣಕ್ಕೆ ಬೇಕಾದದ್ದು ರೆಕ್ಕೆಯ ದೊಡ್ಡ ಹಾರುಗರಿ. ಅದರ ಎಳೆಗಳು ಸೂಕ್ಷ್ಮ ಕೊಕ್ಕೆಗಳಿಂದ ಒಂದಕ್ಕೊಂದು ಹೆಣೆದುಕೊಂಡು ಹಾಳೆಯಂತೆ ನಿಲ್ಲುತ್ತವೆ. ದಂಟನ್ನು ಉದ್ದಕ್ಕೆ ಸೀಳಿ, ಒಂದು ಬದಿಯ ಪಟ್ಟಿಯನ್ನು ಬೇಕಾದ ಆಕಾರಕ್ಕೆ ಕತ್ತರಿಸಿಕೊಳ್ಳಲಾಗುತ್ತದೆ. ಎದೆಯ ಮೃದು ಪುಕ್ಕ ಇದಕ್ಕೆ ಬಾರದು.

ಎಡರೆಕ್ಕೆಯ ಗರಿ ಒಂದು ಕಡೆಗೆ ಬಾಗಿದ್ದರೆ ಬಲರೆಕ್ಕೆಯದು ಇನ್ನೊಂದು ಕಡೆಗೆ ಬಾಗಿರುತ್ತದೆ. ಆದ್ದರಿಂದ ಒಂದು ಬಾಣದ ಎಲ್ಲ ಗರಿಗಳೂ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಹಿಂದಿನಿಂದ ನೋಡಿದಾಗ ಬಲರೆಕ್ಕೆಯ ಗರಿ ಬಾಣವನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ, ಎಡರೆಕ್ಕೆಯದು ಅದರ ವಿರುದ್ಧ ದಿಕ್ಕಿಗೆ ತಿರುಗಿಸುತ್ತದೆ. ಬಲಗೈಯವರಿಗೆ ಯಾವ ರೆಕ್ಕೆಯದು ಒಳ್ಳೆಯದೆಂಬ ಚರ್ಚೆ ಹಳೆಯದು. ಎರಡನ್ನೂ ಬೆರೆಸದಿರುವುದು ಅದಕ್ಕಿಂತ ಮುಖ್ಯ.

ಮೂರು ಗರಿಯ ಬಾಣದಲ್ಲಿ ಗರಿಗಳ ನಡುವೆ 120 ಡಿಗ್ರಿ ಅಂತರವಿದ್ದು, ಹೆದೆಯ ಕಚ್ಚಿಗೆ ಲಂಬವಾಗಿ ನಿಲ್ಲುವ ಒಂದನ್ನು ಬೇರೆ ಬಣ್ಣದಿಂದ ಗುರುತಿಸುವುದು ರೂಢಿ. ಈ ಗರಿ ಬಿಲ್ಲಿಗೆ ಹೊರಮುಖವಾಗಿರಬೇಕು. ನಾಲ್ಕು ಗರಿಗಳನ್ನು 90 ಡಿಗ್ರಿ ಅಂತರದಲ್ಲಿ ಕಟ್ಟಿದರೆ ಬಾಣವನ್ನು ತಿರುವಿ ನೋಡದೆಯೇ ಹೆದೆಗೇರಿಸಬಹುದು. ಧನುರ್ವೇದದ ನಾಲ್ಕು ಗರಿಗಳ ವಿಧಿಯ ಉಪಯೋಗ ಅವಸರದಲ್ಲಿ ಬಾಣ ಹೂಡುವವನಿಗೆ ಸುಲಭವಾಗಿ ಅರ್ಥವಾದೀತು.

ಗರಿಯನ್ನು ಕೋಲಿಗೆ ನೇರವಾಗಿ ಕೂರಿಸಬಹುದು, ತುಸು ಓರೆಯಾಗಿ ಕೂರಿಸಬಹುದು ಅಥವಾ ಕೋಲನ್ನು ಸುತ್ತುವಂತೆ ತಿರುಚಬಹುದು. ಓರೆ ಹೆಚ್ಚಿದಷ್ಟೂ ಬಾಣ ಬೇಗ ಸುತ್ತತೊಡಗಿ ಬೇಗ ಸ್ಥಿರಗೊಳ್ಳುತ್ತದೆ, ಆದರೆ ವೇಗವನ್ನೂ ಬೇಗ ಕಳೆದುಕೊಳ್ಳುತ್ತದೆ. ಅಗಲವಾದ ಅಲಗು ತಾನೇ ಗಾಳಿಯನ್ನು ಹಿಡಿಯುವುದರಿಂದ ಅದಕ್ಕೆ ದೊಡ್ಡದಾದ, ಓರೆಯಾದ ಗರಿ ಅಗತ್ಯ. ಗುರಿಹಲಗೆಗೆ ಬಿಡುವ ಸಣ್ಣ ಮೊನೆಯ ಬಾಣಕ್ಕೆ ಚಿಕ್ಕ ಗರಿ ಸಾಕು.

ಕೋಲಿನ ಬಿಗಿತವು ಬಿಲ್ಲಿನ ಬಲಕ್ಕೆ ಹೊಂದದಿದ್ದರೆ ಗರಿಯನ್ನು ದೊಡ್ಡದು ಮಾಡಿ ದೋಷವನ್ನು ಮುಚ್ಚಬಹುದೇ ಹೊರತು ಸರಿಪಡಿಸಲಾಗದು. ಗರಿಯಿಲ್ಲದ ಒಂದು ಬಾಣವನ್ನು ಗರಿಯುಳ್ಳವುಗಳ ಜೊತೆಗೆ ಹತ್ತಿರದ ಗುರಿಗೆ ಬಿಟ್ಟು, ಅದು ಎಷ್ಟು ಪಕ್ಕಕ್ಕೆ ಸರಿಯುತ್ತದೆಂದು ನೋಡುವುದು ಇದನ್ನು ಪತ್ತೆಹಚ್ಚುವ ಸರಳ ಪರೀಕ್ಷೆ.

ಚಿತ್ರದುರ್ಗ ಪ್ರದೇಶ

ಬೇಟೆಯ ಹಿನ್ನೆಲೆಯುಳ್ಳ ಬೇಡ ಸಮುದಾಯದ ನಾಯಕರು ಚಿತ್ರದುರ್ಗವನ್ನು 16ನೆಯ ಶತಮಾನದಿಂದ 1779ರವರೆಗೆ ಆಳಿದರು. ಆ ವರ್ಷ ಹೈದರ್ ಅಲಿ ಕೋಟೆಯನ್ನು ವಶಪಡಿಸಿಕೊಂಡನು. ಬೇಡರ ಒಂದು ಶಾಖೆಯಾದ ಮ್ಯಾಸಬೇಡರಲ್ಲಿ ಕೋಳಿ ನಿಷಿದ್ಧ. ಬಾಣದ ಗರಿ ಮನೆಯಂಗಳದ ಕೋಳಿಯಿಂದಲೇ ಬಂದಿರಬೇಕೆಂಬ ಸಾಮಾನ್ಯ ಊಹೆಯನ್ನು ಆದಕಾರಣ ಇವರಿಗೆ ಅನ್ವಯಿಸುವಾಗ ಎಚ್ಚರ ಬೇಕು. ಊರುಕೋಳಿಯ ರೆಕ್ಕೆಗರಿ ಗಿಡ್ಡ; ಹಗುರ ಬಾಣಕ್ಕಲ್ಲದೆ ಸಾಲದು.

ಗರಿಯ ಗಾತ್ರವನ್ನು ನಿರ್ಧರಿಸುವಲ್ಲಿ ಇಲ್ಲಿನ ಹವೆಯೂ ಪಾತ್ರ ವಹಿಸುತ್ತದೆ. ಚಿತ್ರದುರ್ಗದ ಗುಡ್ಡಸಾಲುಗಳ ಮೇಲಿನ ಗಾಳಿಯಂತ್ರಗಳೇ ತಿಳಿಸುವಂತೆ ಇದು ಬಿರುಗಾಳಿಯ ಸೀಮೆ. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ದಿಕ್ಕಿನ ಗಾಳಿ ಎಡೆಬಿಡದೆ ಬೀಸುತ್ತದೆ. ದೊಡ್ಡ ಗರಿಯ ಬಾಣ ಬೇಗ ನಿಧಾನಗೊಂಡು ಹೆಚ್ಚು ಹೊತ್ತು ಗಾಳಿಯಲ್ಲಿರುವುದರಿಂದ ಅಡ್ಡಗಾಳಿ ಅದನ್ನು ಹೆಚ್ಚು ದೂರ ಸರಿಸುತ್ತದೆ. ಚಿತ್ರದುರ್ಗ, ಹಿರಿಯೂರುಗಳ ಬಯಲಿನಲ್ಲಿ ಬಾಣ ಬಿಡುವವರಿಗೆ ತಗ್ಗಾದ, 4 ಇಂಚಿನ ಒಳಗಿನ ಗರಿ ಅನುಕೂಲ. ಮಳೆ ಕಡಿಮೆಯಿರುವ ಹಿರಿಯೂರಿನ ಕಡೆ ಗರಿ ನೆನೆಯುವ ಚಿಂತೆ ಅಷ್ಟಾಗಿ ಇಲ್ಲ. ಅಡಿಕೆ, ತೆಂಗಿನ ತೋಟಗಳುಳ್ಳ ಹೊಳಲ್ಕೆರೆ, ಹೊಸದುರ್ಗಗಳ ಮರದ ಮರೆಯಲ್ಲಿ ಗಾಳಿಯ ಕಾಟ ಕಡಿಮೆ, ತೇವ ಹೆಚ್ಚು. ಅಲ್ಲಿ 5 ಇಂಚಿನ ಗರಿಯೂ ನಡೆಯುತ್ತದೆ. ಸಹಜವಾಗಿ ಜಿಡ್ಡುಳ್ಳ ಹೆಬ್ಬಾತಿನ ಗರಿ ತೇವವನ್ನು ಚೆನ್ನಾಗಿ ತಡೆಯುತ್ತದೆ.

ಗರಿಯ ಮೂಲ ಮತ್ತು ಕಾನೂನು

ಧನುರ್ವೇದವು ಮೆಚ್ಚಿದ ಹಕ್ಕಿಗಳಲ್ಲಿ ಹಲವು ಇಂದು ಬಿಲ್ಲುಗಾರನ ಕೈಗೆ ಸಲ್ಲವು. ಜಾನುವಾರುಗಳಿಗೆ ನೀಡುತ್ತಿದ್ದ ಡೈಕ್ಲೋಫಿನಾಕ್ ಔಷಧದಿಂದ ರಣಹದ್ದುಗಳು ದೇಶದಾದ್ಯಂತ ನಶಿಸಿದವು. ಆ ಔಷಧದ ಪಶುವೈದ್ಯಕೀಯ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಹಿಂದೆ ಬತ್ತಳಿಕೆಗಳನ್ನು ತುಂಬಿದ ಹಕ್ಕಿಯನ್ನು ಈಗ ಎಣಿಸಿ ಕಾಯಬೇಕಾಗಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಬೇಟೆಯನ್ನು ನಿಷೇಧಿಸುತ್ತದೆ. ಕಾಯ್ದೆಯು ಹೇಳುವ ‘ಟ್ರೋಫಿ’ ಎಂಬುದರ ವ್ಯಾಖ್ಯೆಯಲ್ಲಿ ಗರಿಯೂ ಸೇರಿದೆ. ಮೊದಲ ಅನುಸೂಚಿಯಲ್ಲಿರುವ ನವಿಲಿನ ವಿಷಯದಲ್ಲಿ ಬಾಲದ ಗರಿಗೆ ಮಾತ್ರ ವಿನಾಯಿತಿ ಕೊಡಲಾಗಿದೆ. ವಿಪರ್ಯಾಸವೆಂದರೆ ಬಿಲ್ಲುಗಾರನಿಗೆ ಆ ವಿನಾಯಿತಿಯಿಂದ ಪ್ರಯೋಜನವಿಲ್ಲ: ಕಣ್ಣುಳ್ಳ ಉದ್ದ ಗರಿಯ ಎಳೆಗಳು ಸಡಿಲವಾಗಿದ್ದು ಹಾಳೆಯಂತೆ ನಿಲ್ಲುವುದಿಲ್ಲ, ಬಾಣಕ್ಕೆ ಬೇಕಾದ ರೆಕ್ಕೆಗರಿ ವಿನಾಯಿತಿಯಲ್ಲಿ ಇಲ್ಲ. ಜೋಗಿಮಟ್ಟಿಯಂಥ ಕಾಡಿನ ಅಂಚಿನ ಊರುಗಳವರು ತಿಳಿದಿರಬೇಕಾದ ಭೇದವಿದು.

ಹೀಗಾಗಿ ಉಳಿಯುವುದು ಸಾಕುಹಕ್ಕಿಗಳು. ಟರ್ಕಿ ಕೋಳಿಯ ರೆಕ್ಕೆಗರಿ ಉದ್ದವಾಗಿದ್ದು ಬಾಳಿಕೆ ಬರುತ್ತದೆ. ಜಗತ್ತಿನಾದ್ಯಂತ ಮಾರಾಟವಾಗುವ ಬಾಣದ ಗರಿಗಳಲ್ಲಿ ಹೆಚ್ಚಿನವು ಅದರವೇ. ಹೆಬ್ಬಾತಿನ ಗರಿಯೂ ಉತ್ತಮ. ಬಾತುಕೋಳಿಯದು ತುಸು ಕಿರಿದು.

ಸಂರಕ್ಷಣೆ

ಸಾಕಣೆಯವರಿಂದ ತಂದ ಗರಿಯನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಅಂಟಿಸಿದ ಬಳಿಕ ದಂಟಿನ ಮುಂತುದಿಯನ್ನು ದಾರದಿಂದ ಸುತ್ತಿ ಬಿಗಿಯದಿದ್ದರೆ, ಕೈಯ ಮೇಲಿಂದ ಬಿಡುವ ಬಾಣದಲ್ಲಿ ಅದು ಎದ್ದು ಚರ್ಮವನ್ನು ಸೀಳುವ ಅಪಾಯವಿದೆ. ಬತ್ತಳಿಕೆಯಲ್ಲಿ ಒತ್ತಿಹೋದ ಗರಿಯನ್ನು ಕುದಿಯುವ ನೀರಿನ ಹಬೆಗೆ ಕೆಲವು ಕ್ಷಣ ಹಿಡಿದರೆ ಮೊದಲಿನಂತೆ ನಿಲ್ಲುತ್ತದೆ. ನುಸಿ ಗರಿಯನ್ನು ತಿನ್ನುವುದರಿಂದ, ಬಹುಕಾಲ ಬಳಸದ ಬಾಣಗಳ ಜೊತೆ ನುಸಿಗುಳಿಗೆ ಇಡಲಾಗುತ್ತದೆ.