ನಿಮಗಿದು ಗೊತ್ತೆ? ಎಚ್‌ಎಎಲ್‌ಗೂ ಲೈಸೆನ್ಸ್ ಬೇಕು!

ರಾವಂದೂರು ಕಡೆಯ ರೈತ ಹೊಗೆಸೊಪ್ಪು ಬೆಳೆದು ಹರಾಜಿಗೆ ಒಯ್ಯಬೇಕಾದರೆ ತಂಬಾಕು ಮಂಡಳಿಯ ಲೈಸೆನ್ಸ್ ಇರಬೇಕು. ಯುದ್ಧ ಸಾಮಗ್ರಿಯ ಕಥೆಯೂ ಹಾಗೆಯೇ. ವಿಮಾನ, ಹೆಲಿಕಾಪ್ಟರ್ ತಯಾರಿಸುವ ಬೆಂಗಳೂರಿನ ಎಚ್‌ಎಎಲ್ ಸರ್ಕಾರದ್ದೇ ಕಂಪನಿ. ಆದರೂ ತನ್ನಿಷ್ಟಕ್ಕೆ ಯುದ್ಧ ಸಾಮಗ್ರಿಯನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ರಫ್ತಿಗೆ ಅನುಮತಿ ಬೇಕಾದ ಸರಕುಗಳಿಗಾಗಿ ‘ಸ್ಕೋಮೆಟ್’ ಎಂಬ ಪಟ್ಟಿಯಿದೆ. ಅದರ 6ನೇ ವರ್ಗ ಶಸ್ತ್ರಾಸ್ತ್ರಗಳದ್ದು. ಅನುಮತಿ ಕೊಡುವುದು ರಕ್ಷಣಾ ಉತ್ಪಾದನಾ ಇಲಾಖೆ. ಕೊಳ್ಳುವವರು ಯಾರು, ಯಾವ ಬಳಕೆಗೆ ಎಂಬ ಪ್ರಮಾಣಪತ್ರವನ್ನೂ ಕೇಳುತ್ತಾರೆ.

ಬೇರೆ ದೇಶಗಳ ಇಂಥ ನಿಯಂತ್ರಣದ ಬಿಸಿ ನಮಗೂ ತಟ್ಟಿದ್ದುಂಟು. 1998ರ ಪೋಖ್ರಾನ್ ಅಣುಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿತು. ತೇಜಸ್ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗೆ ಅಲ್ಲಿನ ಕಂಪನಿ ಕೊಡುತ್ತಿದ್ದ ನೆರವು ಅರ್ಧಕ್ಕೇ ನಿಂತಿತು. ನಮ್ಮ ಎಂಜಿನಿಯರುಗಳೇ ಕೆಲಸ ಮುಗಿಸಿ, 2001ರ ಜನವರಿ 4ರಂದು ಬೆಂಗಳೂರಿನಲ್ಲಿ ವಿಮಾನ ಹಾರಿಸಿದರು.

ರಫ್ತಿಗೆ ಅನುಮತಿ ಸಿಕ್ಕಿದ ಮಾತ್ರಕ್ಕೆ ವ್ಯಾಪಾರ ಗೆದ್ದಂತಲ್ಲ ಎನ್ನುವುದೂ ನಿಜ. ಎಚ್‌ಎಎಲ್ ಈಕ್ವೆಡಾರ್‌ಗೆ ಮಾರಿದ 7 ಧ್ರುವ್ ಹೆಲಿಕಾಪ್ಟರ್‌ಗಳಲ್ಲಿ 4 ಅಪಘಾತಕ್ಕೀಡಾದವು. 2015ರಲ್ಲಿ ಆ ದೇಶ ಒಪ್ಪಂದವನ್ನೇ ರದ್ದು ಮಾಡಿತು.

ಶಸ್ತ್ರಾಸ್ತ್ರ ರಫ್ತಿನ ಮೇಲೆ ಕಣ್ಣಿಡುವ ವಾಸೆನಾರ್ ಒಕ್ಕೂಟಕ್ಕೆ ಭಾರತ ಸೇರಿದ್ದು 2017ರ ಡಿಸೆಂಬರ್‌ನಲ್ಲಿ. ಇಷ್ಟೆಲ್ಲ ನಿಯಮಗಳ ನಡುವೆಯೂ 2024–25ರಲ್ಲಿ ದೇಶದ ರಕ್ಷಣಾ ರಫ್ತು 23,622 ಕೋಟಿ ರೂಪಾಯಿ.