ಬಾಹ್ಯಾಕಾಶ ನೌಕೆಗಳ ಆಣ್ವಿಕ ಮಾಲಿನ್ಯ

ಆಣ್ವಿಕ ಮಾಲಿನ್ಯವೆಂದರೆ ಬಾಹ್ಯಾಕಾಶ ನೌಕೆಯ ಭಾಗಗಳಿಂದಲೇ ಹೊರಬಿದ್ದ ಅಣುಗಳು ಅದರ ಕನ್ನಡಿ, ಮಸೂರ, ಸೌರಫಲಕ ಮೊದಲಾದ ಮೇಲ್ಮೈಗಳ ಮೇಲೆ ತೆಳುಪೊರೆಯಾಗಿ ಕೂಡುವುದು. ಇದು ಧೂಳಿನ ಕಣಗಳಿಂದ ಉಂಟಾಗುವ ಮಾಲಿನ್ಯಕ್ಕಿಂತ ಭಿನ್ನವಾದುದು. ಪೊರೆಯ ದಪ್ಪ ಕೆಲವೇ ನ್ಯಾನೊಮೀಟರ್‌ಗಳಷ್ಟಿದ್ದರೂ ನೇರಳಾತೀತ ದೂರದರ್ಶಕಗಳ ಗ್ರಹಣಶಕ್ತಿ ಕುಗ್ಗಬಲ್ಲದು.

ಉಂಟಾಗುವ ಬಗೆ

ಅಂಟು, ಬಣ್ಣ, ತಂತಿಗಳ ಹೊದಿಕೆ, ಸಿಲಿಕೋನ್ ಮುಂತಾದವುಗಳಲ್ಲಿ ನೀರಾವಿ, ದ್ರಾವಕ ಮತ್ತು ಸಾವಯವ ಅಣುಗಳು ಉಳಿದಿರುತ್ತವೆ. ನಿರ್ವಾತದಲ್ಲಿ ಇವು ಹೊರಬಂದು ತಣ್ಣನೆಯ ಮೇಲ್ಮೈಗಳಿಗೆ ಅಂಟಿಕೊಳ್ಳುತ್ತವೆ. ಸೂರ್ಯನ ನೇರಳಾತೀತ ಕಿರಣಗಳು ಬಿದ್ದಾಗ ಸಾವಯವ ಅಣುಗಳು ಪರಸ್ಪರ ಬೆಸೆದುಕೊಂಡು ಪೊರೆಯು ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗುತ್ತದೆ.

ಪರಿಣಾಮಗಳು

* ದೃಗುಪಕರಣಗಳು: ಪೊರೆಯು ಬೆಳಕನ್ನು ಹೀರುವುದರಿಂದ ಸಂವೇದಕವನ್ನು ತಲುಪುವ ಬೆಳಕು ಕಡಿಮೆಯಾಗುತ್ತದೆ.
* ಉಷ್ಣ ವಿಕಿರಕಗಳು: ಕಂದಿದ ಮೇಲ್ಮೈ ಹೆಚ್ಚು ಬಿಸಿಲನ್ನು ಹೀರುವುದರಿಂದ ನೌಕೆಯ ತಾಪ ಏರುತ್ತದೆ.
* ಸೌರಫಲಕಗಳು: ರಕ್ಷಣಾ ಗಾಜು ಮಸುಕಾಗಿ ವಿದ್ಯುತ್ ಉತ್ಪಾದನೆ ತಗ್ಗುತ್ತದೆ.

ಆಸ್ಟ್ರೋಸ್ಯಾಟ್‌ನ ಉದಾಹರಣೆ

ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹವನ್ನು 2015ರ ಸೆಪ್ಟೆಂಬರ್ 28ರಂದು ಉಡಾವಣೆ ಮಾಡಲಾಯಿತು. ಅದರ ನೇರಳಾತೀತ ದೂರದರ್ಶಕವನ್ನು (ಯುವಿಐಟಿ) ಭಾರತೀಯ ಖಭೌತ ಸಂಸ್ಥೆಯು ಬೆಂಗಳೂರು ಸಮೀಪದ ಹೊಸಕೋಟೆಯಲ್ಲಿರುವ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದ ಶುದ್ಧಕೋಣೆಯಲ್ಲಿ ಜೋಡಿಸಿತು. ಈ ಉಪಕರಣವು 130 ನ್ಯಾನೊಮೀಟರ್‌ನಷ್ಟು ಕಿರಿದಾದ ತರಂಗಾಂತರದ ಬೆಳಕನ್ನೂ ಗ್ರಹಿಸಬೇಕಿದ್ದುದರಿಂದ ಆಣ್ವಿಕ ಮಾಲಿನ್ಯವು ಅದಕ್ಕೆ ದೊಡ್ಡ ಅಪಾಯವಾಗಿತ್ತು. ಹೀಗಾಗಿ ಉಪಗ್ರಹವು ಕಕ್ಷೆ ಸೇರಿದ ಮೇಲೂ ಸುಮಾರು ಎರಡು ತಿಂಗಳ ಕಾಲ ದೂರದರ್ಶಕದ ಬಾಗಿಲುಗಳನ್ನು ಮುಚ್ಚಿಡಲಾಯಿತು. ನೌಕೆಯಿಂದ ಅಣುಗಳು ಹೊರಬೀಳುವ ಪ್ರಮಾಣ ತಗ್ಗಿದ ಬಳಿಕ, ನವೆಂಬರ್ 30ರಂದು ಬಾಗಿಲುಗಳು ತೆರೆದವು. ತೆರೆದ ಬಾಗಿಲುಗಳು ಬಿಸಿಲಿಗೆ ಮರೆಯಾಗಿಯೂ ನೆರವಾಗುತ್ತವೆ. ಮೊದಲು ವೀಕ್ಷಿಸಿದ ಎನ್‌ಜಿಸಿ 188 ನಕ್ಷತ್ರಗುಚ್ಛವನ್ನೇ ಮತ್ತೆಮತ್ತೆ ನೋಡಿ, ಗ್ರಹಣಶಕ್ತಿ ಕುಗ್ಗಿದೆಯೇ ಎಂದು ಪರಿಶೀಲಿಸಲಾಯಿತು. ಈ ಗುಚ್ಛವು ಖಗೋಳದ ಉತ್ತರ ಧ್ರುವದ ಬಳಿ ಇದೆ.

ತಡೆಗಟ್ಟುವಿಕೆ

ಸಾಮಗ್ರಿಗಳ ಆಯ್ಕೆಗೆ ಎಎಸ್‌ಟಿಎಂ ಇ595 ಪರೀಕ್ಷೆ ಬಳಕೆಯಲ್ಲಿದೆ. ಸಾಮಗ್ರಿಯನ್ನು ನಿರ್ವಾತದಲ್ಲಿ 125 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ 24 ಗಂಟೆ ಇಡಲಾಗುತ್ತದೆ. ಆಗ ಒಟ್ಟು ತೂಕನಷ್ಟ ಶೇ. 1ನ್ನೂ, 25 ಡಿಗ್ರಿಯ ಫಲಕದ ಮೇಲೆ ಕೂಡುವ ಅಂಶ ಶೇ. 0.1ನ್ನೂ ಮೀರಬಾರದೆಂಬುದು ರೂಢಿಯ ಮಿತಿ. ಇದಲ್ಲದೆ ಭಾಗಗಳನ್ನು ಜೋಡಣೆಗೆ ಮುನ್ನ ನಿರ್ವಾತದಲ್ಲಿ ಕಾಯಿಸುವ ಕ್ರಮವೂ ಇದೆ.

ಕಕ್ಷೆಯಲ್ಲಿ ಪೊರೆಯನ್ನು ಒರೆಸಲು ಸಾಧ್ಯವಿಲ್ಲ. ಮಂಜುಗಡ್ಡೆಯಾದರೆ ಬಿಸಿಮಾಡಿ ತೆಗೆಯಬಹುದು. ಯುರೋಪಿನ ಯೂಕ್ಲಿಡ್ ದೂರದರ್ಶಕದ ಒಂದು ಕನ್ನಡಿಯನ್ನು 2024ರ ಮಾರ್ಚ್‌ನಲ್ಲಿ ಹೀಗೆ 34 ಡಿಗ್ರಿಯಷ್ಟು ಬೆಚ್ಚಗೆ ಮಾಡಿ ಮಸುಕನ್ನು ನಿವಾರಿಸಲಾಯಿತು. ಬೆಸೆದು ಕಂದಿದ ಸಾವಯವ ಪೊರೆಗೆ ಈ ಉಪಾಯ ಸಾಲದು.